ಬಾಡಿದ ಕಡಲ ಹೂವಿಗೆ ಆರೈಕೆ ಹೇಗೆ?

ಬೆಳಿಗ್ಗೆ ಅಂಗೈ ಅಗಲಕ್ಕೆ ಅರಳಿದ್ದ ಅನಿಮೋನ್ ಎಂಬ ಹೂವಿನಂಥ ಕಡಲ ಪ್ರಾಣಿ ಸಂಜೆ ಹೊತ್ತಿಗೆ ಹಿಂಡಿ ಬಿಟ್ಟ ಒದ್ದೆ ಬಟ್ಟೆಯ ಹಾಗೆ ಬಂಡೆಗೆ ಜೋತುಬಿದ್ದಿರುತ್ತದೆ. ಕ್ಲೌನ್ ಮೀನು ಅದರ ಸುತ್ತಲೇ ತಿರುಗುತ್ತಿರುತ್ತದೆ. ಒಳಗೆ ಹೊಕ್ಕು ಮಲಗಲು ಜಾಗವೇ ಇಲ್ಲ. ಉಪ್ಪುನೀರಿನ ರೀಫ್ ಟ್ಯಾಂಕ್‌ನಲ್ಲಿ (ಹವಳದ ದಿಬ್ಬದ ಹಾಗೆ ಜೋಡಿಸಿದ ಅಕ್ವೇರಿಯಂನಲ್ಲಿ) ಅನಿಮೋನ್ ಸಾಕಿದವರೆಲ್ಲ ಒಮ್ಮೆಯಾದರೂ ಇದನ್ನು ನೋಡಿರುತ್ತಾರೆ. ಆಗ ಕೈ ಸುಮ್ನಿರುವುದಿಲ್ಲ. ಜಾಗ ಬದಲಿಸೋಣ, ಒಂದು ತುಂಡು ಸೀಗಡಿ ತಿನ್ನಿಸೋಣ, ಯಾವುದಾದರೂ ಔಷಧಿ ಹಾಕೋಣ ಅನ್ನಿಸುತ್ತದೆ. ದಯವಿಟ್ಟು ಆ ರಾತ್ರಿ ಇದ್ಯಾವುದನ್ನೂ ಮಾಡಬೇಡಿ. ಬದುಕಬೇಕಿದ್ದ ಅನಿಮೋನ್‌ಗಳು ಹೀಗೆ ಗಾಬರಿಯಲ್ಲಿ ಎಳೆದಾಡಿದ್ದಕ್ಕೇ ಸತ್ತದ್ದನ್ನು ನಾನು ಕಂಡಿದ್ದೇನೆ.

ಇಲ್ಲಿ ಹೇಳುವುದು ಮುಖ್ಯವಾಗಿ ಬಬಲ್ ಟಿಪ್ ಅನಿಮೋನ್ ಬಗ್ಗೆ. ಮನೆಯ ಟ್ಯಾಂಕ್‌ಗಳಲ್ಲಿ ಹೆಚ್ಚಾಗಿ ಕಾಣುವುದು ಅದೇ. ಉಳಿದವುಗಳಿಗೆ ಹೋಲಿಸಿದರೆ ಸ್ವಲ್ಪ ಗಟ್ಟಿ ಜೀವವೂ ಹೌದು. ಕಾರ್ಪೆಟ್, ಮ್ಯಾಗ್ನಿಫಿಕಾ ಜಾತಿಯವು ಇದಕ್ಕಿಂತ ಬಹಳ ಸೂಕ್ಷ್ಮ.

ಮುದುಡಿದ್ದೆಲ್ಲ ಕಾಯಿಲೆಯಲ್ಲ

ಅನಿಮೋನ್‌ಗೆ ಇರುವುದು ಒಂದೇ ಬಾಯಿ. ತಿನ್ನುವುದೂ ಅದರಲ್ಲೇ, ಹೊರಗೆ ಹಾಕುವುದೂ ಅದರಲ್ಲೇ. ಮೈಯೊಳಗೆ ನೀರು ತುಂಬಿಕೊಂಡು ಅದು ಅರಳುತ್ತದೆ. ಆ ನೀರನ್ನು ಬದಲಿಸಬೇಕಾದಾಗ ಎಲ್ಲವನ್ನೂ ಹಿಂಡಿ ಹೊರಗೆ ಬಿಡುತ್ತದೆ. ಜೊತೆಗೆ ಕಂದು ಬಣ್ಣದ ಲೋಳೆಯ ಎಳೆಗಳೂ ಬರುತ್ತವೆ. ಹೊಟ್ಟೆ ತುಂಬ ತಿಂದ ಮಾರನೇ ದಿನ ಹೀಗಾಗುವುದು ಮಾಮೂಲು. ಕೆಲವೇ ಗಂಟೆಗಳಲ್ಲಿ ಮತ್ತೆ ಉಬ್ಬಿಕೊಳ್ಳುತ್ತದೆ.

ಇನ್ನೊಂದು ಸಂಗತಿ ಇದೆ. ಬಬಲ್ ಟಿಪ್ ತನ್ನ ಮೈಯನ್ನೇ ಎರಡು ದಿಕ್ಕಿಗೆ ಎಳೆದು, ಸೀಳಿ, ಎರಡಾಗುತ್ತದೆ. ಆ ಹೊತ್ತಿನಲ್ಲಿ ಅದು ನೋಡಲು ಥೇಟ್ ಸಾಯುವ ಪ್ರಾಣಿಯ ಹಾಗೇ ಇರುತ್ತದೆ. ಇನ್ನು ಬಳ್ಳಿಬೆರಳುಗಳ (ಟೆಂಟಕಲ್‌ಗಳ) ತುದಿಯ ಗುಳ್ಳೆ ಮಾಯವಾಗಿ ಬೆರಳಿನ ಹಾಗೆ ಉದ್ದವಾದರೆ, ಅದೊಂದರಿಂದಲೇ ಕಾಯಿಲೆ ಅಂತ ಹೇಳಲಾಗುವುದಿಲ್ಲ.

ಹಾಗಾಗಿ ಮೊದಲ ಕೆಲಸ ಒಂದು ದಿನ ನೋಡುವುದು. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಒಂದೇ ಜಾಗದಲ್ಲಿ ನಿಂತು ಫೋನ್‌ನಲ್ಲಿ ಫೋಟೊ ತೆಗೆಯಿರಿ. ನಡುವೆ ಒಮ್ಮೆ ಚೆನ್ನಾಗಿ ಅರಳಿದರೆ ಅಷ್ಟು ಹೆದರಬೇಕಿಲ್ಲ. ಇಪ್ಪತ್ತನಾಲ್ಕು ಗಂಟೆ ಅರಳದೇ ಇದ್ದರೆ, ಅಥವಾ ದಿನಕ್ಕೆ ಹಲವು ಸಲ ಉಬ್ಬಿ ಕುಗ್ಗುತ್ತಿದ್ದರೆ, ಹತ್ತಿರದಿಂದ ಪರೀಕ್ಷೆ ಮಾಡಿ.

ಬಾಯಿ, ಪಾದ, ಬಣ್ಣ

ಪಂಪ್‌ಗಳನ್ನು ಐದು ನಿಮಿಷ ನಿಲ್ಲಿಸಿ. ನೀರು ನಿಂತ ಮೇಲೆ ಟಾರ್ಚ್ ಹಿಡಿದು ಮೇಲಿನಿಂದ ಬಾಯಿ ನೋಡಿ. ಆರೋಗ್ಯವಾಗಿದ್ದರೆ ಬಾಯಿ ದಾರ ಎಳೆದ ಎಲೆಅಡಿಕೆ ಚೀಲದ ಹಾಗೆ ಬಿಗಿಯಾಗಿ ಮುಚ್ಚಿರುತ್ತದೆ, ಸುತ್ತ ಸಣ್ಣ ನೆರಿಗೆ. ಕಾಯಿಲೆ ಬಿದ್ದದ್ದರ ಬಾಯಿ ಸಡಿಲವಾಗಿ, ಒಂದು ರೂಪಾಯಿ ನಾಣ್ಯ ಒಳಗೆ ಹೋಗುವಷ್ಟು ತೆರೆದಿರಬಹುದು. ಒಳಗಿನ ಬೆಳ್ಳಗಿನ ಪದರ ಕಾಣುತ್ತದೆ, ಕೆಲವೊಮ್ಮೆ ಹೊರಗೇ ಬಂದಿರುತ್ತದೆ. ಕಸ ಹೊರಹಾಕುವಾಗ ಸ್ವಲ್ಪ ಹೊತ್ತು ಬಾಯಿ ತೆರೆಯುವುದು ಸಹಜ. ಗಂಟೆಗಟ್ಟಲೆ ಹಾಗೇ ಇದ್ದರೆ ಅದು ಗಂಭೀರ. ಒಂದೇ ಗುರುತು ನೋಡಿ ನಿರ್ಧರಿಸು ಅಂದರೆ ನಾನು ಬಾಯಿಯನ್ನೇ ನೋಡುತ್ತೇನೆ.

ಆಮೇಲೆ ಪಾದ, ಅಂದರೆ ಬಂಡೆಗೆ ಅಂಟಿಕೊಳ್ಳುವ ಬುಡ. ಬಂಡೆಯ ಬಿರುಕಿನಲ್ಲಿ ಪಾದ ಗಟ್ಟಿಯಾಗಿ ಹಿಡಿದಿದೆಯಾ? ಹಿಡಿತ ಬಿಟ್ಟು ಟ್ಯಾಂಕ್ ತುಂಬ ಉರುಳಾಡುತ್ತಿದ್ದರೆ ಪಾದದಲ್ಲಿ ಹರಿದ ಗಾಯ ಇದೆಯಾ ನೋಡಿ. ಸಾಗಣೆಗೆ ಮುಂಚೆ ಬಂಡೆಯಿಂದ ಕಿತ್ತು ತೆಗೆಯುವಾಗ ಆಗುವ ಗಾಯ ಇದು. ತಂದು ಒಂದೆರಡು ವಾರದಲ್ಲಿ ಸಾಯುವ ಅನಿಮೋನ್‌ಗಳಲ್ಲಿ ಇದನ್ನು ಮರೆಯದೆ ಹುಡುಕಿ.

ಕೊನೆಗೆ ಬಣ್ಣ. ಅನಿಮೋನ್‌ನ ಮೈಯೊಳಗೆ ಝೂಝಾಂತೆಲ್ಲೆ ಎಂಬ ಕಣ್ಣಿಗೆ ಕಾಣದ ಪಾಚಿ ವಾಸ ಮಾಡುತ್ತದೆ. ಬೆಳಕಿನಿಂದ ಆಹಾರ ತಯಾರಿಸಿ ತನ್ನ ಮನೆಯೊಡೆಯನಿಗೂ ಕೊಡುತ್ತದೆ. ಅನಿಮೋನ್‌ನ ಕಂದು ಛಾಯೆ ಈ ಪಾಚಿಯದ್ದೇ. ನೀರು ಬಿಸಿಯಾದಾಗ, ಬೆಳಕು ಒಮ್ಮೆಲೇ ಹೆಚ್ಚು ಕಡಿಮೆ ಆದಾಗ ಪಾಚಿ ಹೊರಟುಹೋಗುತ್ತದೆ. ಉಳಿಯುವುದು ಬೆಳ್ಳಗಿನ, ಅರೆಪಾರದರ್ಶಕ ಮೈ. ಅಂಗಡಿಯ ನೀಲಿ ಲೈಟಿನಲ್ಲಿ ಅದು ಎಷ್ಟು ಚೆನ್ನಾಗಿ ಕಾಣುತ್ತದೆ ಅಂದರೆ ಜನ ಅದನ್ನೇ ಆರಿಸಿ ತರುತ್ತಾರೆ. ತಂದಿರುವುದು ಉಪವಾಸ ಬಿದ್ದ ಪ್ರಾಣಿಯನ್ನು. ನಿಂಬೆಹಣ್ಣಿನ ಹಳದಿ ಬಣ್ಣದ್ದು ಕಂಡರೆ ಇನ್ನೂ ಹುಷಾರು. ಬಿಳಿಚಿಕೊಂಡದ್ದಕ್ಕೆ ಬಣ್ಣ ಹಚ್ಚಿ ಮಾರುವುದೂ ಉಂಟು.

ನೀರಿನ ಪರೀಕ್ಷೆ

ಹಳೆಯ ಟ್ಯಾಂಕ್‌ನಲ್ಲಿ ಚೆನ್ನಾಗಿದ್ದ ಅನಿಮೋನ್ ಇದ್ದಕ್ಕಿದ್ದಂತೆ ಬಾಡಿದರೆ ನಾನು ಮೊದಲು ಅನುಮಾನ ಪಡುವುದು ನೀರನ್ನು. ಉಪ್ಪಿನ ಸಾಂದ್ರತೆ (ಸಿಹಿನೀರಿಗೆ ಹೋಲಿಸಿದರೆ ಈ ನೀರು ಎಷ್ಟು ಭಾರ ಎಂಬ ಲೆಕ್ಕ) 1.025ರಿಂದ 1.026 ಇರಬೇಕು. ಉಷ್ಣತೆ 25ರಿಂದ 27 ಡಿಗ್ರಿ. ಅಮೋನಿಯಾ, ನೈಟ್ರೈಟ್ ಸೊನ್ನೆ. ಆಲ್ಕಲಿನಿಟಿ (ನೀರಿನ ಕ್ಷಾರಗುಣ) 8ರಿಂದ 9 ಡಿಕೆಎಚ್, ಅದನ್ನು ಅಳೆಯುವ ಮಾನ ಇದು. ನೈಟ್ರೇಟ್ 15 ಪಿಪಿಎಂ ಒಳಗಿದ್ದರೆ ಸಾಕು, ಸೊನ್ನೆಗೆ ಇಳಿಸಲು ಹೋಗಬೇಡಿ. ಟ್ಯಾಂಕ್ ಶುರು ಮಾಡಿ ಆರು ತಿಂಗಳೂ ಆಗಿಲ್ಲ ಅಂದರೆ, ಅಂಕಿಗಳೆಲ್ಲ ಸರಿ ಇದ್ದರೂ ಅದೇ ಕಾರಣ ಇರಬಹುದು. ಹೊಸ ಟ್ಯಾಂಕ್‌ನ ಏರಿಳಿತ ಅನಿಮೋನ್‌ಗೆ ಒಗ್ಗುವುದಿಲ್ಲ.

ಉಪ್ಪು ಅಳೆಯುವ ಮೀಟರ್ (ರಿಫ್ರ್ಯಾಕ್ಟೋಮೀಟರ್) ಹೇಳಿದ್ದನ್ನು ಕಣ್ಣುಮುಚ್ಚಿ ನಂಬಬೇಡಿ. ನನಗೆ ಆದದ್ದು ಹೀಗೆ. ಒಂದು ಏಪ್ರಿಲ್‌ನಲ್ಲಿ, ಬೆಂಗಳೂರಿನ ಮನೆಯಲ್ಲಿ, ನಮ್ಮ ಅನಿಮೋನ್ ಬಾಯಿ ಬಿಟ್ಟುಕೊಂಡು ಬಂಡೆಯಿಂದ ಕೆಳಗಿಳಿದಿತ್ತು. ಮೈ ಮಾಸಲು ಬಿಳಿ. ರಿಫ್ರ್ಯಾಕ್ಟೋಮೀಟರ್ ಸರಿಯಾಗಿ 1.026 ತೋರಿಸುತ್ತಿತ್ತು. ಉಪ್ಪು ಸರಿ ಇದೆ ಅಂದುಕೊಂಡು ಎರಡು ದಿನ ಬೇರೆ ಎಲ್ಲ ಕಡೆ ಹುಡುಕಿದೆ. ಮೂರನೇ ದಿನ ಗೆಳೆಯನೊಬ್ಬ 35 ಪಿಪಿಟಿಯ (ಸಾವಿರಕ್ಕೆ 35 ಭಾಗ ಉಪ್ಪಿನ), ಮೀಟರ್ ಸರಿ ಇದೆಯಾ ನೋಡುವ ಕ್ಯಾಲಿಬ್ರೇಶನ್ ದ್ರಾವಣದ ಸಣ್ಣ ಬಾಟಲಿ ತಂದ. ಗಾಜಿನ ಮೇಲೆ ಎರಡು ಹನಿ ಬಿಟ್ಟು ಬೆಳಕಿಗೆ ಹಿಡಿದೆವು. ನೀಲಿ ಗೆರೆ 1.026ರಲ್ಲಿ ನಿಲ್ಲಬೇಕಿತ್ತು, ನಿಂತದ್ದು 1.022ರಲ್ಲಿ. ಅಂದರೆ ಟ್ಯಾಂಕ್‌ನಲ್ಲಿ ನಿಜವಾಗಿ ಇದ್ದದ್ದು 1.030ರ ಹತ್ತಿರ. ಕೆಲವು ವಾರಗಳಿಂದ ‘ಉಪ್ಪು ಕಡಿಮೆ ಆಗಿದೆ’ ಅಂತ ನಾನೇ ಉಪ್ಪು ಬೆರೆಸಿ ಬೆರೆಸಿ ಹಾಕುತ್ತಿದ್ದೆ. ಅನಿಮೋನ್ ಅಷ್ಟೂ ದಿನ ಅದನ್ನು ತಡೆದುಕೊಂಡಿತ್ತು ಅಂತ ನೆನೆದರೆ ಈಗಲೂ ಹೊಟ್ಟೆ ಚುರುಕ್ ಅನ್ನುತ್ತದೆ.

ಆದ್ದರಿಂದ ಮೀಟರನ್ನು ಬರೀ ಆರ್‌ಓ ನೀರಿನಲ್ಲಿ ಸೊನ್ನೆಗೆ ಹೊಂದಿಸಿದರೆ ಸಾಲದು. 35 ಪಿಪಿಟಿ ದ್ರಾವಣದಲ್ಲೇ ಹೊಂದಿಸಿ, ತಿಂಗಳಿಗೊಮ್ಮೆ ಪರೀಕ್ಷಿಸಿ. ಬೇಸಿಗೆಯಲ್ಲಿ ನೀರು ತಣ್ಣಗಾಗಲೆಂದು ಮೇಲೆ ಫ್ಯಾನ್ ಇಡುತ್ತೇವಲ್ಲ, ಅದರಿಂದ ನೀರು ಬೇಗ ಆವಿಯಾಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ಕಡಿಮೆಯಾದಷ್ಟೂ ಸಿಹಿ ಆರ್‌ಓ ನೀರನ್ನು ದಿನಾ ಸೇರಿಸಬೇಕು. ಬೋರ್‌ವೆಲ್ ನೀರು ಬೇಡವೇ ಬೇಡ.

ಮೀನಿಗೆ ಔಷಧಿ ಹಾಕಿದ್ದಿರಾ ಎಂಬುದನ್ನೂ ನೆನಪು ಮಾಡಿಕೊಳ್ಳಿ. ಬಿಳಿ ಚುಕ್ಕೆ ರೋಗಕ್ಕೆ ಕೊಡುವ ಹಲವು ಔಷಧಿಗಳಲ್ಲಿ ತಾಮ್ರ ಇರುತ್ತದೆ. ಮೀನು ತಡೆದುಕೊಳ್ಳುವ ಪ್ರಮಾಣವೇ ಅನಿಮೋನ್‌ಗೆ ವಿಷ.

ಆರೈಕೆ

ತಪ್ಪು ಗೊತ್ತಾದ ಮೇಲೂ ಒಂದೇ ದಿನದಲ್ಲಿ ಸರಿ ಮಾಡಬೇಡಿ. ಉಪ್ಪಿನ ಸಾಂದ್ರತೆಯನ್ನು ದಿನಕ್ಕೆ 0.001ರಷ್ಟು ಮಾತ್ರ ಬದಲಿಸಿ. ಅಮೋನಿಯಾ ಕಂಡರೆ ಮಾತ್ರ ಕಾಯುವ ಹಾಗಿಲ್ಲ, ಕೂಡಲೇ ನೀರು ಬದಲಿಸಿ. ಉಳಿದಂತೆ ಶೇ 10ರಿಂದ 15ರಷ್ಟು ನೀರನ್ನು, ಉಷ್ಣತೆ ಮತ್ತು ಉಪ್ಪು ಎರಡೂ ಹೊಂದುವಂತೆ ನೋಡಿಕೊಂಡು ಬದಲಿಸಿದರೆ ಸಾಕು. ಫಿಲ್ಟರ್‌ಗೆ ಹೊಸ ಆಕ್ಟಿವೇಟೆಡ್ ಕಾರ್ಬನ್ ಹಾಕಿ. ಅಡ್ಡಾಡುವ ಅನಿಮೋನ್ ನೀರು ತಿರುಗಿಸುವ ಪಂಪ್‌ಗೆ (ಪವರ್‌ಹೆಡ್‌ಗೆ) ಸಿಕ್ಕಿ ಚೂರಾಗುವುದುಂಟು. ಪಂಪ್‌ನ ಬಾಯಿಗೆ ಇವತ್ತೇ ಸ್ಪಂಜು ಕಟ್ಟಿ.

ಜಾಗ ಅದರ ಆಯ್ಕೆ. ತಾನೇ ನಡೆದು ಹೋಗಿ ಬೆಳಕು, ನೀರಿನ ಹರಿವು ಹೊಂದುವಲ್ಲಿ ಕೂರುತ್ತದೆ. ಎತ್ತಲೇಬೇಕಾದರೆ ಬಂಡೆ ಸಮೇತ ಎತ್ತಿ. ಪಾದ ಹರಿದಿದ್ದರೆ ತೂತು ಮಾಡಿದ ಸ್ಟ್ರಾಬೆರಿ ಡಬ್ಬಿಯಲ್ಲಿ, ಒಂದು ಸಣ್ಣ ಕಲ್ಲಿನ ಜೊತೆ, ಹರಿವು ಕಡಿಮೆ ಇರುವ ಕಡೆ ಬಿಡಿ. ಸಣ್ಣ ಗಾಯ ತಾನಾಗಿ ಕೂಡಿಕೊಳ್ಳುತ್ತದೆ. ಮುಟ್ಟುವಾಗ ಕೈಗವಸು ಇರಲಿ. ಅದರ ಬಳ್ಳಿಬೆರಳುಗಳು ಚುಚ್ಚುತ್ತವೆ.

ಕ್ಲೌನ್ ಮೀನನ್ನು ಕೆಲವು ದಿನ ಬೇರೆ ಇಡಿ. ಪ್ರೀತಿಯಿಂದಲೇ ಮೈಯುಜ್ಜಿದರೂ ಸೋತ ಅನಿಮೋನ್‌ಗೆ ಅದು ಹಿಂಸೆ. ಮೀನಿನ ಬಗ್ಗೆ ಚಿಂತೆ ಬೇಡ, ಟ್ಯಾಂಕ್‌ನಲ್ಲಿ ಅದು ಅನಿಮೋನ್ ಇಲ್ಲದೆಯೂ ಹಾಯಾಗಿರುತ್ತದೆ.

ಬಿಳಿಚಿಕೊಂಡದ್ದಕ್ಕೆ ಬೆಳಕು ಮತ್ತು ಊಟ ಎರಡೂ ಬೇಕು. ಬೆಳಕನ್ನು ಮೊದಲು ಅರ್ಧಕ್ಕೆ ಇಳಿಸಿ, ಮೂರು ನಾಲ್ಕು ವಾರಗಳಲ್ಲಿ ನಿಧಾನವಾಗಿ ಏರಿಸಿ. ಪಾಚಿ ಇಲ್ಲದ ಮೈ ಜೋರು ಬೆಳಕನ್ನು ತಡೆಯಲಾರದು. ಬಾಯಿ ಮುಚ್ಚಿದೆ, ಬಳ್ಳಿಬೆರಳುಗಳು ಅಂಟುತ್ತಿವೆ ಅಂದರೆ ಮಾತ್ರ ತಿನ್ನಿಸಿ. ಮೈಸಿಸ್ (ಸೀಗಡಿಯಂಥ ಪುಟ್ಟ ಜೀವಿ), ಅಥವಾ ಉಪ್ಪು ಮಸಾಲೆ ಏನೂ ತಾಗದ ಹಸಿ ಸೀಗಡಿಯ ಚೂರು, ಹೆಸರುಕಾಳಿನಷ್ಟು ಗಾತ್ರ, ವಾರಕ್ಕೆ ಎರಡು ಮೂರು ಸಲ. ದೊಡ್ಡ ತುಂಡು ಕೊಟ್ಟರೆ ಮಾರನೇ ದಿನ ಹಾಗೇ ಕಕ್ಕುತ್ತದೆ, ಇದ್ದ ಶಕ್ತಿಯೂ ಖರ್ಚು. ಅರ್ಧ ಗಂಟೆಯಲ್ಲಿ ಹಿಡಿಯದಿದ್ದರೆ ತುಂಡನ್ನು ತೆಗೆದುಬಿಡಿ. ಬಾಯೊಳಗೆ ತುರುಕಬೇಡಿ.

ಆ್ಯಂಟಿಬಯೋಟಿಕ್ ಯಾವಾಗ?

ನೀರೆಲ್ಲ ಸರಿ ಇದೆ, ಆದರೂ ಹೊಸದಾಗಿ ತಂದ ಅನಿಮೋನ್ ದಿನಾ ಉಬ್ಬಿ ಕುಗ್ಗುತ್ತಿದೆ, ಬಾಯಿ ಬಿಡುತ್ತಿದೆ. ಇದು ಬ್ಯಾಕ್ಟೀರಿಯಾ ಸೋಂಕಿನ ಲಕ್ಷಣ ಇರಬಹುದು. ಕಾರ್ಪೆಟ್, ಮ್ಯಾಗ್ನಿಫಿಕಾಗಳಲ್ಲಿ ಇದು ಜಾಸ್ತಿ. ಇದಕ್ಕೆ ಹವ್ಯಾಸಿಗಳು ಬಳಸುವುದು ಸಿಪ್ರೊಫ್ಲಾಕ್ಸಾಸಿನ್. ಪ್ರತ್ಯೇಕ ಟ್ಯಾಂಕ್, ಹೀಟರ್, ಸಣ್ಣ ಪಂಪ್. ಸುಮಾರು 40 ಲೀಟರ್ ನೀರಿಗೆ 250 ಮಿಲಿಗ್ರಾಂ. ಬೆಳಕಿಗೆ ಈ ಔಷಧಿ ಶಕ್ತಿ ಕಳೆದುಕೊಳ್ಳುವುದರಿಂದ ರಾತ್ರಿ ಲೈಟ್ ಆರಿಸಿದ ಮೇಲೆ ಹಾಕಬೇಕು. ಮಾರನೇ ದಿನ ಪೂರ್ತಿ ನೀರು ಬದಲಿಸಿ, ರಾತ್ರಿ ಮತ್ತೆ ಹಾಕಬೇಕು. ಹೀಗೆ ಸುಮಾರು ಒಂದು ವಾರ.

ದಿನಾ 40 ಲೀಟರ್ ಉಪ್ಪುನೀರು ತಯಾರಿಸುವುದು ಸಣ್ಣ ಕೆಲಸವಲ್ಲ. ಅಷ್ಟು ತಯಾರಿ ಇಲ್ಲದಿದ್ದರೆ ಶುರು ಮಾಡಬೇಡಿ. ಇದು ಚೀಟಿ ಇಲ್ಲದೆ ಕೊಳ್ಳುವ ಮಾತ್ರೆಯೂ ಅಲ್ಲ. ಮೀನು ನೋಡುವ ಪಶುವೈದ್ಯರನ್ನು ಕೇಳಿಯೇ ಮುಂದುವರಿಯಿರಿ. ಮುಖ್ಯ ಟ್ಯಾಂಕ್‌ಗೆ ಹಾಕಿದರೆ ನೀರನ್ನು ಶುದ್ಧವಾಗಿಡುವ ಒಳ್ಳೆಯ ಬ್ಯಾಕ್ಟೀರಿಯಾಗಳೂ ಸಾಯಬಹುದು. ತೆಗೆದ ನೀರಿಗೆ ಒಂದು ರಾತ್ರಿ ಕಾರ್ಬನ್ ಹಾಯಿಸಿ, ಮಾರನೇ ದಿನ ಬಿಸಿಲಿನಲ್ಲಿಟ್ಟು, ಆಮೇಲೆ ಒಳಚರಂಡಿಗೆ ಬಿಡಿ. ಮಳೆನೀರಿನ ಕಾಲುವೆಗೆ ಸುರಿದರೆ ನಮ್ಮ ಕೆರೆಗೇ ಸೇರುತ್ತದೆ.

ಕೈಬಿಡುವುದು ಯಾವಾಗ?

ಮೈ ಕರಗಿ ಎಳೆಎಳೆಯಾಗಿ ಬರುತ್ತಿದ್ದರೆ, ಮುಟ್ಟಿದರೂ ಅಲುಗದಿದ್ದರೆ, ಎತ್ತಿದಾಗ ಕೊಳೆತ ಮೀನಿನ ವಾಸನೆ ಬಂದರೆ ಅದು ಸತ್ತಿದೆ. ಬಲೆಯಲ್ಲಿ ಎತ್ತಿದರೆ ಟ್ಯಾಂಕ್ ತುಂಬ ಚೂರಾಗುತ್ತದೆ. ನೀರಿನೊಳಗೇ ಒಂದು ಬೋಗುಣಿ ಮುಳುಗಿಸಿ, ಅದರೊಳಗೆ ಜಾರಿಸಿ ತೆಗೆಯಿರಿ. ತಕ್ಷಣ ಶೇ 30ರಷ್ಟು ನೀರು ಬದಲಿಸಿ, ಹೊಸ ಕಾರ್ಬನ್ ಹಾಕಿ, ಎರಡು ಮೂರು ದಿನ ಅಮೋನಿಯಾ ಪರೀಕ್ಷಿಸಿ. ಒಂದು ದೊಡ್ಡ ಅನಿಮೋನ್ ಕೊಳೆತರೆ ಟ್ಯಾಂಕ್‌ನಲ್ಲಿದ್ದ ಮೀನುಗಳನ್ನೂ ಕರೆದುಕೊಂಡು ಹೋಗುತ್ತದೆ.

ಈ ಗುರುತುಗಳು ಇಲ್ಲದಿದ್ದರೆ ಕಾಯಿರಿ. ಅನಿಮೋನ್‌ಗಳ ಆಯಸ್ಸು ನಾವಂದುಕೊಂಡದ್ದಕ್ಕಿಂತ ಬಹಳ ದೊಡ್ಡದು. ಸ್ಕಾಟ್ಲೆಂಡಿನ ಕಡಲತೀರದಲ್ಲಿ ಜಾನ್ ಡಾಲಿಯೆಲ್ 1828ರಲ್ಲಿ ಎತ್ತಿ ತಂದ ಒಂದು ಅನಿಮೋನ್ ಎಡಿನ್‌ಬರೊದಲ್ಲಿ, ಗಾಜಿನ ಜಾಡಿಯಲ್ಲಿ, 1887ರವರೆಗೆ ಬದುಕಿತ್ತು. ತಂದವರು ತೀರಿಕೊಂಡರೂ ಕೈಯಿಂದ ಕೈಗೆ ಅದರ ಆರೈಕೆ ನಡೆಯುತ್ತಾ ಹೋಯಿತು. ಅದು ತಣ್ಣೀರಿನ ಬೇರೆ ಜಾತಿ, ನಿಜ. ಆದರೂ ನಮ್ಮ ಅನಿಮೋನ್ ಬಿಳಿಚಿಕೊಂಡಿದ್ದ ದಿನಗಳಲ್ಲಿ ಆ ಜಾಡಿಯ ನೆನಪು ಬರುತ್ತಿತ್ತು.

ಐದು ದಿನಗಳಲ್ಲಿ ಉಪ್ಪನ್ನು 1.026ಕ್ಕೆ ಇಳಿಸಿದೆವು. ಮೂರನೇ ದಿನವೇ ಬಾಯಿ ಮುಚ್ಚಿತು. ಬಣ್ಣ ಮಾತ್ರ ಬರಲಿಲ್ಲ, ಒಂದು ತಿಂಗಳು ಹಾಗೇ ಕಳೆಯಿತು. ಆರನೇ ವಾರದ ಒಂದು ಬೆಳಿಗ್ಗೆ ಫೋಟೊ ತೆಗೆದು ದೊಡ್ಡದು ಮಾಡಿ ನೋಡಿದಾಗ, ಬಳ್ಳಿಬೆರಳುಗಳ ಬುಡದಲ್ಲಿ ಚಹಾ ಕಲೆಯಷ್ಟು ತೆಳುವಾದ ಕಂದು ಬಣ್ಣ ಕಂಡಿತು. ಅವತ್ತು ಸಂಜೆ ಕ್ಲೌನ್ ಮೀನಿನ ಡಬ್ಬಿಯ ಮುಚ್ಚಳ ತೆಗೆದೆವು.