ಹೊಸ ಕುದುರೆ ಲಾಯಕ್ಕೆ ಬಂದಾಗ

ರೇಸ್ ಬಿಟ್ಟ ಥರೋಬ್ರೆಡ್ (ಓಟಕ್ಕೆಂದೇ ಬೆಳೆಸಿದ ತಳಿ) ಕುದುರೆ ಸವಾರಿ ಶಾಲೆಗೆ ಬಂದರೆ ಮೊದಲ ವಾರ ಜೀನು ಹಾಕುವ ಮಾತೇ ಬೇಡ. ಲಾರಿಯಿಂದ ಇಳಿಸಿ ಹತ್ತು ನಿಮಿಷ ನಡೆಸಿ, ನೀರು ತೋರಿಸಿ, ಒಣಹುಲ್ಲನ್ನು ನೆಲದ ಮೇಲೇ ಹಾಕಿ. ದಾರಿಯುದ್ದಕ್ಕೂ ತಲೆ ಎತ್ತಿ ಕಟ್ಟಿದ್ದರೆ ಕಫ ಇಳಿಯದೆ ಶ್ವಾಸಕೋಶಕ್ಕೆ ಸೋಂಕು ತಗಲಬಹುದು. ತಲೆ ತಗ್ಗಿಸಿ ಮೇದರೆ ಕಫ ಹೊರಬರುತ್ತದೆ.

14ರಿಂದ 21 ದಿನ ಪ್ರತ್ಯೇಕ ಲಾಯ. ಬಕೆಟ್, ಬ್ರಷ್ ಎಲ್ಲ ಬೇರೆ. ಸೈಸ್ (ಕುದುರೆ ನೋಡಿಕೊಳ್ಳುವವನು) ಹೊಸ ಕುದುರೆಯ ಕೆಲಸ ಕೊನೆಗೆ ಮಾಡಲಿ. ಬೇರೆ ಕುದುರೆ ಕಣ್ಣಿಗೆ ಕಾಣುವಷ್ಟು ದೂರದಲ್ಲಿರಲಿ, ಒಂಟಿಯಾದರೆ ಮೇವೇ ಬಿಡುತ್ತದೆ. ದಿನಕ್ಕೆರಡು ಸಲ ಜ್ವರ ನೋಡಿ. 38.5 ಡಿಗ್ರಿ ಸೆಲ್ಸಿಯಸ್ ದಾಟಿದರೆ, ದವಡೆ ಕೆಳಗೆ ಗಂಟು ಕಂಡರೆ ವೈದ್ಯರನ್ನು ಕರೆಸಿ. ಗ್ಲ್ಯಾಂಡರ್ಸ್ (ಕುದುರೆಗಳ ಮಾರಕ ಅಂಟುರೋಗ) ಪರೀಕ್ಷೆಯ ವರದಿಯನ್ನು ಮಾರುವವರಿಂದ ಮೊದಲೇ ಕೇಳಿ ಪಡೆಯಿರಿ.

ಹೆಚ್ಚಿನವರು ಎಡವುವುದು ಮೇವಿನಲ್ಲಿ. ಹಳೆಯ ಲಾಯದ ಹುಲ್ಲು, ದಾಣಿ ಒಂದು ವಾರಕ್ಕಾಗುವಷ್ಟು ತನ್ನಿ. ಎರಡು ಮೂರು ದಿನಕ್ಕೊಮ್ಮೆ ಕಾಲುಭಾಗದಷ್ಟೇ ಹೊಸದಕ್ಕೆ ಬದಲಿಸಿ. ಕರುಳಿನ ಸೂಕ್ಷ್ಮಜೀವಿಗಳು ಒಗ್ಗಿಕೊಳ್ಳಲು ಅಷ್ಟು ಸಮಯ ಬೇಕು. ಕೆಲಸವಿಲ್ಲದ ಕುದುರೆಗೆ ಓಟ್ಸ್, ಹುರುಳಿ ಕಡಿಮೆ ಮಾಡಿ. 450 ಕೆಜಿ ಕುದುರೆಗೆ 8–9 ಕೆಜಿ ಒಣಹುಲ್ಲು, ದಿನಕ್ಕೆ 25–40 ಲೀಟರ್ ನೀರು. ನೀರಿನ ರುಚಿ ಹಿಡಿಸದಿದ್ದರೆ ಚೂರು ಬೆಲ್ಲ ಕದಡಿ, ಪಕ್ಕದಲ್ಲೇ ಸಾದಾ ನೀರೂ ಇಡಿ. ಲದ್ದಿ ಕಡಿಮೆಯಾಗಿ, ಕಾಲಿನಿಂದ ನೆಲ ಕೆರೆದು ಪಕ್ಕೆ ನೋಡಿಕೊಂಡರೆ ಹೊಟ್ಟೆನೋವು ಎಂದೇ ತಿಳಿಯಿರಿ. ಹುಲ್ಲು, ದಾಣಿ ತೆಗೆದು ವೈದ್ಯರಿಗೆ ಫೋನ್ ಮಾಡಿ.

ಗುಂಪಿಗೆ ಬಿಡುವ ಮೊದಲು ಹಿಂಗಾಲಿನ ಲಾಳ ತೆಗೆಸಿ, ಬೇಲಿಯಾಚೆಯಿಂದ ಪರಿಚಯವಾಗಲಿ. ಆಮೇಲೆ ಸಾಧು ಕುದುರೆಯೊಂದರ ಜೊತೆ ಬಿಡಿ. ಹುಲ್ಲಿನ ಗುಡ್ಡೆ ಕುದುರೆಗಳಿಗಿಂತ ಒಂದು ಹೆಚ್ಚಿರಲಿ.