‘ಶುಗರ್ ಇಲ್ಲ’ ಅಂದರೆ ಏನು? ಪ್ರೋಲಾಗ್‌ನಲ್ಲಿ ಆಸ್ಪತ್ರೆ ದಾಖಲೆ ಓದಿದ ನನ್ನ ಅನುಭವ

ಪ್ರೋಲಾಗ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕನ್ನಡ ಅಕ್ಷರದಲ್ಲೇ ಪ್ರೋಗ್ರಾಂ ಬರೆಯಬಹುದು. ನಾನು ಬಳಸುವ ಎಸ್‌ಡಬ್ಲ್ಯುಐ-ಪ್ರೋಲಾಗ್ ಅನ್ನುವ ಆವೃತ್ತಿ ಇದಕ್ಕೆ ತಕರಾರು ಮಾಡುವುದಿಲ್ಲ. ಒಂದು ವಿಷಯ ಮಾತ್ರ ನೆನಪಿಡಬೇಕು. ಇಂಗ್ಲಿಷ್‌ನಲ್ಲಿ ಬರೆಯುವಾಗ ದೊಡ್ಡಕ್ಷರದಿಂದ ಶುರುವಾಗುವ ಹೆಸರು ವೇರಿಯಬಲ್, ಅಂದರೆ ಯಾರು ಬೇಕಾದರೂ ಬಂದು ಕೂರಬಹುದಾದ ಖಾಲಿ ಜಾಗ. ಕನ್ನಡಕ್ಕೆ ದೊಡ್ಡಕ್ಷರ, ಸಣ್ಣಕ್ಷರ ಅಂತ ಇಲ್ಲವಲ್ಲ, ಅದಕ್ಕೆ ವೇರಿಯಬಲ್ ಮುಂದೆ ಒಂದು ಅಡಿಗೆರೆ ಹಾಕಬೇಕು. ನಾನು ಹಾಗೆ ಬರೆದ ಮೊದಲ ನಿಯಮ ಇದು:

ಸೋದರಮಾವ(_ಮಾವ, _ಮಗು) :-
    ತಾಯಿ(_ತಾಯಿ, _ಮಗು),
    ಸಹೋದರ(_ಮಾವ, _ತಾಯಿ).

ಆ ಎರಡು ಚುಕ್ಕಿ-ಗೆರೆಯನ್ನು ‘ಆಗಬೇಕಾದರೆ’ ಅಂತ ಓದಿಕೊಳ್ಳಿ. ಕಾಮಾ ಬಂದಲ್ಲಿ ‘ಮತ್ತೆ’ ಅನ್ನಿ. ಸೋದರಮಾವ ಆಗಬೇಕಾದರೆ ಮಗುವಿಗೆ ಒಬ್ಬ ತಾಯಿ ಇರಬೇಕು, ಮತ್ತೆ ಆ ತಾಯಿಗೆ ಇವನು ಅಣ್ಣನೋ ತಮ್ಮನೋ ಆಗಿರಬೇಕು. ಅಷ್ಟೇ. ಪಠ್ಯಪುಸ್ತಕದ ‘ಅಂಕಲ್’ ಒಂದೇ ನಿಯಮದಲ್ಲಿ ಮುಗಿದಿತ್ತು. ನಮ್ಮಲ್ಲಿ ದೊಡ್ಡಪ್ಪ, ಚಿಕ್ಕಪ್ಪ ಬೇರೆ ಬೇರೆ, ಅದಕ್ಕೆ ಹುಟ್ಟಿದ ವರ್ಷವನ್ನೂ ಹೋಲಿಸಬೇಕಾಯಿತು. ಮನೆಯಲ್ಲಿ ದಿನಾ ಆಡುವ ಮಾತು ಹೀಗೆ ಯಂತ್ರ ಓದುವ ನಿಯಮ ಆಗುವುದನ್ನು ನೋಡಿ ನನಗೆ ಈ ಭಾಷೆಯ ಮೇಲೆ ಪ್ರೀತಿ ಹುಟ್ಟಿತು.

1972ರಲ್ಲಿ ಫ್ರಾನ್ಸ್‌ನ ಮಾರ್ಸೆಯಲ್ಲಿ ಅಲೆನ್ ಕೋಲ್ಮೆರೋರ್ ಮತ್ತು ಫಿಲಿಪ್ ರುಸೆಲ್ ಪ್ರೋಲಾಗ್ ಕಟ್ಟಿದರು. ಅದರ ಹಿಂದಿನ ತರ್ಕದ ಕೆಲಸದಲ್ಲಿ ರಾಬರ್ಟ್ ಕೊವಾಲ್ಸ್ಕಿ ಅವರ ಪಾಲು ದೊಡ್ಡದು. ಈಗ ಯಾರು ಅದನ್ನು ಬಳಸುತ್ತಾರೆ ಅಂತ ಸ್ನೇಹಿತರು ಕೇಳುತ್ತಾರೆ. ನಾನು ಬಳಸಿದ್ದಕ್ಕೆ ಕಾರಣ ನಮ್ಮ ದೊಡ್ಡಪ್ಪನ ಮಗಳು. ಅವಳು ಕಿಡ್ನಿ ಡಾಕ್ಟರ್. ಆಸ್ಪತ್ರೆ ದಾಖಲೆಗಳಿಂದ ಕಿಡ್ನಿ ತೊಂದರೆ ಇರುವವರನ್ನು ಹುಡುಕುವ ಕೆಲಸ ನನ್ನದು, ಹುಡುಕಿದ್ದು ಸರಿಯಾ ಅಂತ ಹೇಳಬೇಕಾದವಳು ಅವಳು. ಪೈಥಾನ್‌ನಲ್ಲಿ ಬರೆದದ್ದನ್ನು ತೋರಿಸಿದರೆ ಅಕ್ಕ ಸುಮ್ಮನೆ ತಲೆ ಆಡಿಸುತ್ತಿದ್ದಳು. ನನಗೆ ಬೇಕಿದ್ದದ್ದು ಅವಳು ಓದಿ, ತಪ್ಪು ಹಿಡಿಯುವಂಥ ಪ್ರೋಗ್ರಾಂ.

ದಾಖಲೆಗೆ ಮಿಮಿಕ್-3 ತೆಗೆದುಕೊಂಡೆ. ಬಾಸ್ಟನ್‌ನ ಬೆತ್ ಇಸ್ರೇಲ್ ಡೀಕನೆಸ್ ಆಸ್ಪತ್ರೆಯ ಐಸಿಯುಗೆ 2001ರಿಂದ 2012ರವರೆಗೆ ಸೇರಿದ 46,520 ಜನರ ದಾಖಲೆ ಅದು. ಹೆಸರು, ವಿಳಾಸ ಎಲ್ಲಾ ತೆಗೆದಿದ್ದಾರೆ. ಅಷ್ಟಾದರೂ ಅದು ಸುಮ್ನೆ ಇಳಿಸಿಕೊಳ್ಳುವ ಫೈಲ್ ಅಲ್ಲ. ಮನುಷ್ಯರ ಮಾಹಿತಿಯನ್ನು ಹೇಗೆ ನಡೆಸಿಕೊಳ್ಳಬೇಕು ಅನ್ನುವ ಕೋರ್ಸ್ ಮುಗಿಸಬೇಕು, ಒಪ್ಪಂದಕ್ಕೆ ಸಹಿ ಹಾಕಬೇಕು. ಅಕ್ಕನೂ ಹಾಗೇ ಮಾಡಿದಳು. ಇಲ್ಲದಿದ್ದರೆ ಅವಳಿಗೆ ಒಂದು ಸಾಲನ್ನೂ ತೋರಿಸುವ ಹಾಗಿರಲಿಲ್ಲ. ಇಲ್ಲಿ ಕೊಡುವ ಉದಾಹರಣೆಗಳೂ ನಾನೇ ಕಟ್ಟಿದವು, ಯಾವ ರೋಗಿಯದ್ದೂ ಅಲ್ಲ.

ಲ್ಯಾಬ್ ಫಲಿತಾಂಶದ ಟೇಬಲ್ ಒಂದರಲ್ಲೇ 2 ಕೋಟಿ 78 ಲಕ್ಷ ಸಾಲು. ಅಷ್ಟನ್ನೂ ಪ್ರೋಲಾಗ್‌ಗೆ ತುಂಬುವ ಅಗತ್ಯ ಇಲ್ಲ. ನನಗೆ ಬೇಕಿದ್ದದ್ದು ರಕ್ತದ ಕ್ರಿಯಾಟಿನಿನ್, ಅಂದರೆ ಕಿಡ್ನಿ ಸೋಸಿ ಹೊರಗೆ ಹಾಕಬೇಕಾದ ಒಂದು ಕಸ. ಈ ದಾಖಲೆಯಲ್ಲಿ ಆ ಪರೀಕ್ಷೆಯ ಸಂಖ್ಯೆ 50912. ಮೊದಲು ಅದನ್ನಷ್ಟೇ ಸೋಸಿಕೊಂಡೆ. ಮೂತ್ರದ ಕ್ರಿಯಾಟಿನಿನ್‌ಗೆ ಬೇರೆ ಸಂಖ್ಯೆ ಇದೆ, ಎರಡೂ ಬೆರೆತರೆ ಎಲ್ಲರಿಗೂ ಕಿಡ್ನಿ ಹೋಗಿದೆ ಅಂತ ಉತ್ತರ ಬರುತ್ತದೆ. ಕ್ರಿಯಾಟಿನಿನ್, ವಯಸ್ಸು, ಗಂಡೋ ಹೆಣ್ಣೋ, ಈ ಮೂರರಿಂದ ಕಿಡ್ನಿ ಎಷ್ಟು ಸೋಸುತ್ತಿದೆ ಅನ್ನುವ ಇಜಿಎಫ್‌ಆರ್ ಲೆಕ್ಕ ಹಾಕಬಹುದು. ಅದು 60ಕ್ಕಿಂತ ಕಡಿಮೆಯಾಗಿ ಮೂರು ತಿಂಗಳಿಗಿಂತ ಜಾಸ್ತಿ ಉಳಿದರೆ ದೀರ್ಘಕಾಲದ ಕಿಡ್ನಿ ಕಾಯಿಲೆ. ಮೂತ್ರದಲ್ಲಿ ಆಲ್ಬುಮಿನ್ ಅನ್ನುವ ಪ್ರೋಟೀನ್ ಹೋಗುವುದೂ ಒಂದು ಗುರುತು, ಅದನ್ನು ಆಮೇಲೆ ನೋಡೋಣ ಅಂತ ಬಿಟ್ಟೆ.

ಕಿಡ್ನಿ_ಕಾಯಿಲೆ(_ರೋಗಿ) :-
    ಸೋಸುವಿಕೆ(_ರೋಗಿ, _ದಿನ1, _ಮಟ್ಟ1), _ಮಟ್ಟ1 < 60,
    ಸೋಸುವಿಕೆ(_ರೋಗಿ, _ದಿನ2, _ಮಟ್ಟ2), _ಮಟ್ಟ2 < 60,
    _ದಿನ2 - _ದಿನ1 > 90.

ಇದನ್ನು ಅಕ್ಕ ಅರ್ಧ ನಿಮಿಷದಲ್ಲಿ ಓದಿದಳು. ಓದಿ ಕೇಳಿದ ಮೊದಲ ಪ್ರಶ್ನೆಯೇ ಸರಿಯಾಗಿ ತಗುಲಿತು. “ಮಧ್ಯೆ 85 ಬಂದಿದ್ರೆ?”

ಆ ಪ್ರಶ್ನೆಗೆ ಬರುವ ಮೊದಲು ಇನ್ನೊಂದು ತಪ್ಪು ಸಿಕ್ಕಿತು, ಅದನ್ನು ಹೇಳಿಬಿಡುತ್ತೇನೆ. ಫಲಿತಾಂಶದಲ್ಲಿ ತುಂಬಾ ವಯಸ್ಸಾದವರೆಲ್ಲಾ ಕಿಡ್ನಿ ಕಾಯಿಲೆಯವರ ಪಟ್ಟಿಯಲ್ಲಿದ್ದರು. ಕ್ರಿಯಾಟಿನಿನ್ ಚೆನ್ನಾಗಿರುವವರೂ ಇದ್ದರು. ವಯಸ್ಸನ್ನು ಅಚ್ಚು ಹಾಕಿಸಿ ನೋಡಿದೆ. 300, 301, 300. ಈ ದಾಖಲೆಯಲ್ಲಿ 89 ದಾಟಿದವರ ಹುಟ್ಟಿದ ದಿನವನ್ನು ಬೇಕಂತಲೇ ಮೊದಲ ದಾಖಲಾತಿಗಿಂತ 300 ವರ್ಷ ಹಿಂದಕ್ಕೆ ತಳ್ಳಿದ್ದಾರೆ. ಅಷ್ಟು ವಯಸ್ಸಿನವರು ಕಡಿಮೆ ಜನ, ಗುರುತು ಸಿಕ್ಕಿಬಿಡಬಹುದು ಅಂತ. ದಾಖಲೆಯ ವಿವರಣೆಯಲ್ಲಿ ಇದು ಬರೆದಿತ್ತು, ನಾನು ಓದದೆ ಮುಂದೆ ಹೋಗಿದ್ದೆ. ಇಜಿಎಫ್‌ಆರ್ ಲೆಕ್ಕಕ್ಕೆ ನಾನು ಬಳಸಿದ 2021ರ ಸಿಕೆಡಿ-ಎಪಿ ಸೂತ್ರದಲ್ಲಿ ವಯಸ್ಸಿನ ಪ್ರತಿ ವರ್ಷಕ್ಕೆ 0.9938ರಿಂದ ಗುಣಿಸಬೇಕು. ಕ್ರಿಯಾಟಿನಿನ್ 0.9 ಇರುವ ಒಬ್ಬ ಅಜ್ಜನಿಗೆ 91 ವರ್ಷ ಅಂದುಕೊಂಡರೆ ಇಜಿಎಫ್‌ಆರ್ ಸುಮಾರು 80 ಬರುತ್ತದೆ. ಅದೇ ಅಜ್ಜನಿಗೆ 300 ವರ್ಷ ಅಂದರೆ 22. ಇಜಿಎಫ್‌ಆರ್ 30ಕ್ಕಿಂತ ಕಡಿಮೆ ಇದ್ದರೆ ಮೆಟ್‌ಫಾರ್ಮಿನ್ ಅನ್ನುವ ಶುಗರ್ ಮಾತ್ರೆ ಕೊಡಬಾರದು. ಒಂದು ಸುಳ್ಳು ವಯಸ್ಸು ಒಬ್ಬರ ಮಾತ್ರೆಯನ್ನೇ ನಿಲ್ಲಿಸುವಷ್ಟು ದೂರ ಹೋಗುತ್ತದೆ. ಹೀಗೆ ತಳ್ಳಿದವರ ನಡುವಿನ ವಯಸ್ಸು (ಮೀಡಿಯನ್) 91.4 ಅಂತ ದಾಖಲೆಯವರೇ ಕೊಟ್ಟಿದ್ದಾರೆ, ಅದನ್ನು ಹಾಕಿದೆ. ದಿನಾಂಕಗಳನ್ನೂ 2100ರ ಆಚೆಗೆ ಸರಿಸಿದ್ದಾರೆ, ಆದರೆ ಒಬ್ಬ ರೋಗಿಯ ದಿನಗಳ ನಡುವಿನ ಅಂತರ ಹಾಗೇ ಉಳಿದಿದೆ. ನನ್ನ 90 ದಿನದ ಲೆಕ್ಕಕ್ಕೆ ಅಷ್ಟು ಸಾಕಿತ್ತು.

ಈಗ ಅಕ್ಕನ 85. ಒಬ್ಬರಿಗೆ ಜನವರಿಯಲ್ಲಿ ವಾಂತಿ ಭೇದಿಯಾಗಿ ನೀರಿನಂಶ ಕಡಿಮೆಯಾಯಿತು, ಇಜಿಎಫ್‌ಆರ್ 45ಕ್ಕೆ ಇಳಿಯಿತು. ಮಾರ್ಚ್‌ನಲ್ಲಿ 85, ಪೂರ್ತಿ ಸರಿ. ಜೂನ್‌ನಲ್ಲಿ ಬೇರೆ ಯಾವುದೋ ಸೋಂಕು, ಮತ್ತೆ 50. ನನ್ನ ನಿಯಮ ಜನವರಿಯನ್ನೂ ಜೂನನ್ನೂ ಜೋಡಿಸಿ ‘ಕಾಯಿಲೆ’ ಅನ್ನುತ್ತಿತ್ತು. ಜೊತೆಗೆ ಪ್ರೋಗ್ರಾಂ ನಿಧಾನವೂ ಆಗಿತ್ತು. ಐಸಿಯುನಲ್ಲಿ ಕ್ರಿಯಾಟಿನಿನ್ ದಿನಾ ನೋಡುತ್ತಾರೆ. ಒಬ್ಬರಿಗೆ 300 ಸಲ ನೋಡಿ, ಎಲ್ಲವೂ 60ರ ಕೆಳಗೇ ಇದ್ದರೆ, ಉತ್ತರ ಸಿಗುವವರೆಗೆ ಪ್ರೋಲಾಗ್ 90,000 ಜೋಡಿಗಳವರೆಗೆ ಹೋಲಿಸಬೇಕಾಗಬಹುದು.

ಅಲ್ಗಾರಿದಂ ಅಂದರೆ ತರ್ಕ (ಏನು ಬೇಕು) ಮತ್ತು ನಿಯಂತ್ರಣ (ಅದನ್ನು ಹೇಗೆ ಹುಡುಕಬೇಕು) ಎರಡೂ ಸೇರಿದ್ದು ಅಂತ ಕೊವಾಲ್ಸ್ಕಿ 1979ರಲ್ಲಿ ಬರೆದರು. ನಾನು ಮೊದಲನೆಯದನ್ನು ಮಾತ್ರ ಬರೆದು ಎರಡನೆಯದನ್ನು ಯಂತ್ರಕ್ಕೆ ಬಿಟ್ಟಿದ್ದೆ. ಕೂತು ಯೋಚಿಸಿದಾಗ ದಾರಿ ಸರಳವಾಗಿತ್ತು. ಒಬ್ಬ ರೋಗಿಯ ಫಲಿತಾಂಶಗಳನ್ನು ದಿನಾಂಕದ ಪ್ರಕಾರ ಜೋಡಿಸಿ, ಮೇಲಿಂದ ಕೆಳಗೆ ಒಂದೇ ಸಲ ಓದುವುದು. 60ರ ಕೆಳಗೆ ಇಳಿದ ಮೊದಲ ದಿನವನ್ನು ಕೈಯಲ್ಲಿ ಹಿಡಿದುಕೊಳ್ಳುವುದು. ಮುಂದೆಯೂ ಕಡಿಮೆಯೇ ಇದ್ದರೆ ಆ ದಿನದಿಂದ ಅಂತರ ನೋಡುವುದು. ಮಧ್ಯೆ 60 ಅಥವಾ ಅದಕ್ಕಿಂತ ಜಾಸ್ತಿ ಬಂತೋ, ಹಿಡಿದದ್ದನ್ನು ಬಿಟ್ಟು ಹೊಸದಾಗಿ ಶುರು. 300 ಫಲಿತಾಂಶಕ್ಕೆ 300 ಹೆಜ್ಜೆ. ಅಕ್ಕನ ಪ್ರಶ್ನೆಗೂ ಉತ್ತರ ಸಿಕ್ಕಿತು, ನಿಧಾನವೂ ಹೋಯಿತು.

ನನ್ನನ್ನು ನಿಜವಾಗಿ ತಡೆದು ನಿಲ್ಲಿಸಿದ್ದು ಮುಂದಿನ ಪ್ರಶ್ನೆ. ಕಿಡ್ನಿ ಕಾಯಿಲೆ ಇದೆ, ಆದರೆ ಶುಗರ್ ಇಲ್ಲ, ಅಂಥವರು ಯಾರು? ಅಕ್ಕನಿಗೆ ಅವರೇ ಮುಖ್ಯ. ಶುಗರ್ ಕಾರಣ ಅಲ್ಲದಿದ್ದರೆ ಬೇರೆ ಕಾರಣ ಹುಡುಕಬೇಕಲ್ವಾ? ನಾನು ಪಟಪಟ ಅಂತ ಬರೆದೆ:

ಬೇರೆ_ಕಾರಣ(_ರೋಗಿ) :-
    ಕಿಡ್ನಿ_ಕಾಯಿಲೆ(_ರೋಗಿ),
    \+ ಶುಗರ್_ಇದೆ(_ರೋಗಿ).

ಶುಗರ್_ಇದೆ ಅನ್ನುವುದಕ್ಕೆ ಎಚ್‌ಬಿಎ1ಸಿ, ಅಂದರೆ ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತ ಪರೀಕ್ಷೆ, 6.5 ಅಥವಾ ಜಾಸ್ತಿ ಅಂತ ಇಟ್ಟಿದ್ದೆ. ಪಟ್ಟಿ ಉದ್ದ ಬಂತು. ಅಕ್ಕ ಒಂದಷ್ಟು ದಾಖಲೆ ತೆರೆದು ನೋಡಿ, ಪರದೆಯಿಂದ ಕಣ್ಣು ತೆಗೆಯದೆ ಹೇಳಿದಳು: “ಇವರಲ್ಲಿ ಎಷ್ಟೋ ಜನಕ್ಕೆ ಎಚ್‌ಬಿಎ1ಸಿ ಮಾಡಿಸೇ ಇಲ್ಲ ಕಣೋ. ನಮ್ಮ ಓಪಿಡಿಯಲ್ಲೂ ಇದೇ ಕಥೆ. ಶುಗರ್ ಇದೆಯಾ ಅಂದ್ರೆ ‘ಇಲ್ಲ ಮೇಡಂ’ ಅಂತಾರೆ. ಕೊನೇ ಸಲ ಯಾವಾಗ ಟೆಸ್ಟ್ ಮಾಡಿಸಿದ್ರಿ ಅಂದ್ರೆ ‘ಮಾಡಿಸೇ ಇಲ್ಲ’ ಅಂತಾರೆ.”

ನನ್ನ ಪ್ರೋಗ್ರಾಂ ಆ ಓಪಿಡಿಯ ರೋಗಿಯ ಹಾಗೇ ಮಾತಾಡುತ್ತಿತ್ತು. \+ ಅನ್ನುವ ಗುರುತಿನ ಅರ್ಥ ‘ಸುಳ್ಳು’ ಅಂತ ಅಲ್ಲ, ‘ನನ್ನ ಹತ್ತಿರ ಇರುವುದರಿಂದ ಸಾಬೀತು ಮಾಡಲಿಕ್ಕೆ ಆಗಲಿಲ್ಲ’ ಅಂತ. 1978ರಲ್ಲಿ ಕಂಪ್ಯೂಟರ್ ವಿಜ್ಞಾನಿ ಕೀತ್ ಕ್ಲಾರ್ಕ್ ಇದಕ್ಕೆ ಸರಿಯಾದ ತಳಹದಿ ಕೊಟ್ಟರು. ಬಸ್ಸಿನ ವೇಳಾಪಟ್ಟಿಗೆ ಇದು ಸರಿ. ಪಟ್ಟಿಯಲ್ಲಿ 4 ಗಂಟೆಗೆ ಬಸ್ಸು ಬರೆದಿಲ್ಲ ಅಂದರೆ 4 ಗಂಟೆಗೆ ಬಸ್ಸಿಲ್ಲ. ಆಸ್ಪತ್ರೆ ದಾಖಲೆ ಹಾಗಲ್ಲ. ಅಲ್ಲಿ ಬರೆಯದೇ ಇದ್ದದ್ದು ನೋಡದೇ ಇದ್ದದ್ದೂ ಇರಬಹುದು, ಬೇರೆ ಊರಲ್ಲಿ ನೋಡಿದ್ದೂ ಇರಬಹುದು.

1991ರಲ್ಲಿ ಮೈಕಲ್ ಗೆಲ್‌ಫಾಂಡ್ ಮತ್ತು ವ್ಲಾಡಿಮಿರ್ ಲಿಫ್‌ಶಿಟ್ಸ್ ಈ ಎರಡು ‘ಇಲ್ಲ’ಗಳನ್ನು ಬೇರೆ ಮಾಡಿ ತೋರಿಸಿದರು. ಜಾನ್ ಮೆಕಾರ್ಥಿ ಅವರದ್ದು ಅಂತ ಹೇಳಿ ಅವರು ಕೊಡುವ ಉದಾಹರಣೆ ರೈಲು ಹಳಿ ದಾಟುವ ಶಾಲೆಯ ಬಸ್ಸು. ರೈಲು ಬರುತ್ತಿದೆ ಅನ್ನುವುದಕ್ಕೆ ಸುಳಿವಿಲ್ಲ ಅಂತ ದಾಟುವುದು ಒಂದು. ರೈಲು ಬರುತ್ತಿಲ್ಲ ಅಂತ ಗೊತ್ತಿದ್ದು ದಾಟುವುದು ಇನ್ನೊಂದು. ಗೇಟ್ ಇಲ್ಲದ ಕ್ರಾಸಿಂಗ್‌ನಲ್ಲಿ ಇಳಿದು ಎರಡೂ ಕಡೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಓದು ಇಟ್ಟುಕೊಂಡು ನಿಯಮವನ್ನು ಮೂರು ಮಾಡಿದೆ:

ಶುಗರ್_ಇಲ್ಲ(_ರೋಗಿ) :-
    ಶುಗರ್_ಪರೀಕ್ಷೆ(_ರೋಗಿ, _, _),
    \+ ಶುಗರ್_ಇದೆ(_ರೋಗಿ).
ಶುಗರ್_ಗೊತ್ತಿಲ್ಲ(_ರೋಗಿ) :-
    ರೋಗಿ(_ರೋಗಿ),
    \+ ಶುಗರ್_ಇದೆ(_ರೋಗಿ),
    \+ ಶುಗರ್_ಇಲ್ಲ(_ರೋಗಿ).

ಕೊನೆಯದರಲ್ಲಿ ರೋಗಿ(_ರೋಗಿ) ಮೊದಲೇ ಬರಬೇಕು. ಯಾರ ಬಗ್ಗೆ ಕೇಳುತ್ತಿದ್ದೇವೆ ಅಂತ ಗೊತ್ತಾಗುವ ಮೊದಲೇ \+ ಬಂದರೆ, ‘ಶುಗರ್ ಇರುವವರು ಒಬ್ಬರೂ ಇಲ್ಲವಾ’ ಅನ್ನುವ ಪ್ರಶ್ನೆ ಆಗಿಬಿಡುತ್ತದೆ.

ಇಷ್ಟಾದ ಮೇಲೆ ಅಕ್ಕ ಶುಗರ್_ಇದೆ ನಿಯಮವನ್ನೂ ಕೈಗೆ ತೆಗೆದುಕೊಂಡಳು. ಮೆಟ್‌ಫಾರ್ಮಿನ್ ಬರೆದಿದ್ದರೆ ಶುಗರ್ ಇದೆ ಅಂತ ಸೇರಿಸಿಕೊ ಅಂದಳು. ಇನ್ಸುಲಿನ್ ಮಾತ್ರ ಬರೆದಿದ್ದರೆ ಬೇಡ ಅಂದಳು, ಯಾಕೆಂದರೆ ಐಸಿಯುನಲ್ಲಿ ಕಾಯಿಲೆಯ ಒತ್ತಡಕ್ಕೇ ಸಕ್ಕರೆ ಏರುತ್ತದೆ, ಶುಗರ್ ಇಲ್ಲದವರಿಗೂ ಇನ್ಸುಲಿನ್ ಕೊಡುತ್ತಾರೆ. ಹಳೆಯ ಎಚ್‌ಬಿಎ1ಸಿ ನಂಬಬೇಡ, ಎಷ್ಟು ಹಳೆಯದು ಅಂತ ನೋಡು ಅಂದಳು. ಹಾಗಾಗಿ ‘ಇಲ್ಲ’ ಅನ್ನುವುದಕ್ಕೂ ಒಂದು ದಿನಾಂಕ ಸೇರಿತು.

ಕನ್ನಡದಲ್ಲಿ ಬರೆಯುವವರಿಗೆ ಇಲ್ಲೊಂದು ಎಚ್ಚರಿಕೆ. ‘ಮೆಟ್‌ಫಾರ್ಮಿನ್’ ಅಂತ ಬರೆಯುವಾಗ ಟ್ ಮತ್ತು ಫಾ ಒತ್ತಾಗದಿರಲಿ ಅಂತ ಮಧ್ಯೆ ಕಣ್ಣಿಗೆ ಕಾಣದ ಒಂದು ಅಕ್ಷರ ಹಾಕುತ್ತೇವೆ. ನನ್ನ ಒಂದು ಫೈಲ್‌ನಲ್ಲಿ ಅದು ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ಪ್ರೋಲಾಗ್‌ಗೆ ಅವು ಎರಡು ಬೇರೆ ಹೆಸರು. ಹೊಂದಲಿಲ್ಲ ಅಂದರೆ ಸಾಬೀತಾಗಲಿಲ್ಲ, ಸಾಬೀತಾಗಲಿಲ್ಲ ಅಂದರೆ \+ ಪ್ರಕಾರ ‘ಇಲ್ಲ’. ಎಲ್ಲೂ ಎರರ್ ಬರುವುದಿಲ್ಲ. ಮಾತ್ರೆ ತೆಗೆದುಕೊಂಡವರು ಸದ್ದಿಲ್ಲದೆ ತೆಗೆದುಕೊಳ್ಳದವರ ಗುಂಪಿಗೆ ಹೋಗುತ್ತಾರೆ. ಈಗ ಫೈಲ್ ಓದುವಾಗಲೇ ಆ ಕಾಣದ ಅಕ್ಷರವನ್ನು ತೆಗೆದುಹಾಕುತ್ತೇನೆ, ಗೊತ್ತಿರುವ ಹೆಸರುಗಳ ಪಟ್ಟಿಯಲ್ಲಿ ಇಲ್ಲದ ಹೆಸರು ಬಂದರೆ ಪ್ರೋಗ್ರಾಂ ಅಲ್ಲೇ ನಿಲ್ಲುತ್ತದೆ.

ಈಗ ಪಟ್ಟಿ ಮೂರು ಕಾಲಂನಲ್ಲಿ ಬರುತ್ತದೆ: ಇದೆ, ಇಲ್ಲ, ಗೊತ್ತಿಲ್ಲ. ಪ್ರತಿ ರೋಗಿಯ ಸಂಖ್ಯೆಯ ಪಕ್ಕ ಯಾವ ದಿನದ ಯಾವ ಫಲಿತಾಂಶದಿಂದ ಹಾಗೆ ಹೇಳಿದ್ದು ಅಂತ ಪ್ರೋಗ್ರಾಂ ಬರೆಯುತ್ತದೆ. ಅಕ್ಕ ಮೊದಲು ತೆರೆಯುವುದು ಮೂರನೇ ಕಾಲಂ.

ಒಂದು ವಿಷಯ ಮಾತ್ರ ನಮ್ಮಿಬ್ಬರ ಮಧ್ಯೆ ಇನ್ನೂ ತೀರ್ಮಾನ ಆಗಿಲ್ಲ. 58, 57, 61, 56. ತಿಂಗಳುಗಟ್ಟಲೆ ಹೀಗೆ ಬಂದವರಿಗೆ ಆ ಒಂದು 61 ನೋಡಿ ನನ್ನ ನಿಯಮ ಲೆಕ್ಕವನ್ನು ಮೊದಲಿಂದ ಶುರು ಮಾಡುತ್ತದೆ. “ಯಾವ ಡಾಕ್ಟರೂ ಹಾಗೆ ಮಾಡಲ್ಲ” ಅನ್ನುತ್ತಾಳೆ ಅಕ್ಕ. ಹಾಗಾದರೆ ಎಷ್ಟು ಬಂದರೆ ಬಿಡಬೇಕು, 65ಕ್ಕಾ, ಸತತ ಎರಡು ಸಲ 60 ದಾಟಿದರಾ? ಸದ್ಯಕ್ಕೆ ಎರಡೂ ನಿಯಮ ಓಡಿಸಿ, ಉತ್ತರ ಬೇರೆ ಬಂದವರನ್ನು ಮಾತ್ರ ಬೇರೆ ತೆಗೆದಿದ್ದೇನೆ. ಭಾನುವಾರಗಳಲ್ಲಿ ಅಕ್ಕ ಅವರ ದಾಖಲೆಗಳನ್ನು ಒಂದೊಂದಾಗಿ ಓದುತ್ತಿದ್ದಾಳೆ.