ಹಳೆ ಟಿಪ್ಪರ್ ಕೊಳ್ಳುವ ಮೊದಲು ಎಂಜಿನ್ನಿನ ಗಂಟೆ ಲೆಕ್ಕ ಹಾಕುವುದು ಹೇಗೆ?

‘ಬರೀ ಒಂದು ಲಕ್ಷದ ಹತ್ತು ಸಾವಿರ ಓಡಿದ್ದು ಮಾರಾಯ್ರೆ, ಎಂಜಿನ್ ಬಿಚ್ಚಿಯೇ ಇಲ್ಲ.’ ಕಾಸರಗೋಡಿನ ಬದಿಯಡ್ಕ, ಪೆರ್ಲ, ಸೀತಾಂಗೋಳಿ ಕಡೆ ಕೆಂಪುಕಲ್ಲಿನ ಕೋರೆಯಲ್ಲಿ ದುಡಿದ ಟಿಪ್ಪರ್ ನೋಡಲು ಹೋದರೆ ಮೊದಲು ಕಿವಿಗೆ ಬೀಳುವ ಮಾತು ಇದು. ಹೇಳುವವನು ಸುಳ್ಳನೇನೂ ಅಲ್ಲ, ಮೀಟರಿನಲ್ಲಿ ಇರುವುದು ಅಷ್ಟೇ. ಅದನ್ನೇ ನಂಬಿ ವಾಹನ ಮನೆಗೆ ತಂದು, ಮುಂದಿನ ಮಳೆಗಾಲ ಕಳೆಯುವುದರೊಳಗೆ ಲೈನರ್, ಪಿಸ್ಟನ್, ರಿಂಗ್ ಎಂದು ವರ್ಕ್‌ಶಾಪಿನ ಬೆಂಚಿನ ಮೇಲೆ ಕೂತವರನ್ನು ಬೇಕಷ್ಟು ಕಂಡಿದ್ದೇನೆ. ಅವರಲ್ಲಿ ನಾನೂ ಒಬ್ಬ.

ಕೋರೆಯ ವಾಹನ ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. ಕಲ್ಲು ಒಂದೊಂದಾಗಿ ಕೈಯಿಂದ ಏರಬೇಕು. ಸೆಲ್ಫ್ ಮೋಟಾರ್ ಕೈಕೊಟ್ಟೀತು ಎಂಬ ಹೆದರಿಕೆಗೆ ಡ್ರೈವರ್ ಎಂಜಿನ್ ಆಫ್ ಮಾಡುವುದಿಲ್ಲ. ಕಾಂಕ್ರೀಟ್ ಮಿಕ್ಸರಿನ ಕಥೆ ಇನ್ನೂ ಕಷ್ಟ. ಎಂಜಿನ್ನಿನ ಬಲದಲ್ಲೇ ಡ್ರಮ್ ತಿರುಗುವ ಗಾಡಿಯಾದರೆ ಸೈಟಿನಲ್ಲಿ ನಿಂತಷ್ಟು ಹೊತ್ತೂ ಎಂಜಿನ್ ದುಡಿಯುತ್ತಿರುತ್ತದೆ, ಕಿಲೋಮೀಟರ್ ಮಾತ್ರ ಅಲ್ಲಾಡುವುದಿಲ್ಲ.

ಮೊದಲು ಒಂದು ಭಾಗಾಕಾರ

ಒಟ್ಟು ಕಿಲೋಮೀಟರನ್ನು ಎಂಜಿನ್ ಓಡಿದ ಒಟ್ಟು ಗಂಟೆಯಿಂದ ಭಾಗಿಸಿ. ಮಂಗಳೂರು–ಕೊಚ್ಚಿ ಹೆದ್ದಾರಿಯಲ್ಲೇ ಬಾಳಿದ ಲಾರಿ 10,000 ಗಂಟೆಯಲ್ಲಿ 4,80,000 ಕಿ.ಮೀ. ಓಡಿದ್ದರೆ ಸರಾಸರಿ 48. ನಾನು ತಂದ ಟಿಪ್ಪರಿನದು 1,10,000 ಕಿ.ಮೀ., 9,200 ಗಂಟೆ, ಸರಾಸರಿ 12. ಸರಾಸರಿ 20ಕ್ಕಿಂತ ಕೆಳಗೆ ಬಂದರೆ ಕಿಲೋಮೀಟರಿನ ಮೀಟರಿಗೆ ಒಂದು ಬಟ್ಟೆ ಮುಚ್ಚಿ, ಮುಂದಿನ ಮಾತೆಲ್ಲ ಗಂಟೆಯದ್ದೇ ಇರಲಿ.

ಗಂಟೆ ಸಿಗುವುದು ಎಲ್ಲಿಂದ?

ಎಲ್ಲರೂ ಎಡವುವುದು ಇಲ್ಲಿ. ಜೆಸಿಬಿಯಲ್ಲಿ, ಟ್ರ್ಯಾಕ್ಟರಿನಲ್ಲಿ ಗಂಟೆಯ ಮೀಟರ್ ಕಣ್ಣೆದುರೇ ಉಂಟು. ಲಾರಿಯಲ್ಲಿ ಹುಡುಕಬೇಕು.

2017ರ ಏಪ್ರಿಲ್ ನಂತರದ ಬಿಎಸ್4 ಅಥವಾ 2020ರ ಏಪ್ರಿಲ್ ನಂತರದ ಬಿಎಸ್6 (ಎರಡೂ ಹೊಗೆಯ ನಿಯಮದ ಹಂತಗಳು) ವಾಹನವಾದರೆ ಹೆಚ್ಚಿನವುಗಳಲ್ಲಿ ಎಂಜಿನ್ನಿನ ಕಂಪ್ಯೂಟರ್, ಅಂದರೆ ಇಸಿಯು, ಗಂಟೆಯನ್ನು ತಾನೇ ಬರೆದಿಟ್ಟಿರುತ್ತದೆ. ಸ್ಕ್ಯಾನರ್ ಇರುವ ಮೆಕ್ಯಾನಿಕನನ್ನು ಕರೆದೊಯ್ಯಿರಿ. ಅವನ ಕೂಲಿಗೆ ಚೌಕಾಸಿ ಮಾಡಬೇಡಿ. ಒಟ್ಟು ಗಂಟೆ, ಐಡಲ್ ಗಂಟೆ (ವಾಹನ ನಿಂತೇ ಎಂಜಿನ್ ಸುಮ್ಮನೆ ಓಡಿದ ಹೊತ್ತು), ಒಟ್ಟು ಉರಿದ ಡೀಸೆಲ್ – ಈ ಮೂರನ್ನೂ ಕೇಳಿ ಪಡೆಯಿರಿ. ಇಸಿಯುನಲ್ಲಿ ಕಿಲೋಮೀಟರೂ ಇದ್ದರೆ ಡ್ಯಾಶ್‌ಬೋರ್ಡಿನದರೊಡನೆ ತಾಳೆ ನೋಡಿ. ಡ್ಯಾಶ್‌ಬೋರ್ಡ್ ಕಡಿಮೆ ತೋರಿಸಿದರೆ ಮೀಟರ್ ಬದಲಾಗಿದೆ. ಗಂಟೆ ಮಾತ್ರ ಅಸಂಬದ್ಧವಾಗಿ ಕಡಿಮೆ ಇದ್ದರೆ ಇಸಿಯು ಬದಲಾಗಿರಬಹುದು, ಬಿಲ್ ಕೇಳಿ. ಫೋನಿಗೆ ಜೋಡಿಸುವ ಅಗ್ಗದ ಬ್ಲೂಟೂತ್ ಗುಂಡಿಗಳು ಕಾರಿಗೆ ಸರಿ. ಲಾರಿಗೆ ತಂದು ಏನೇನೋ ಅಂಕೆ ಓದಿಕೊಂಡು ಕೂರುವುದು ಬೇಡ.

ಮೆಕ್ಯಾನಿಕಲ್ ಪಂಪಿನ ಹಳೆ ವಾಹನದಲ್ಲಿ ಇದಾವುದೂ ಇಲ್ಲ. ಯಾರೋ ಹೊರಗಿನಿಂದ ಗಂಟೆಯ ಮೀಟರ್ ಹಾಕಿಸಿದ್ದರೆ ಅಂಕೆ ಓದುವ ಮೊದಲು ವಯರ್ ಹಿಡಿದು ಹಿಂದೆ ಹೋಗಿ. ಕೀಗೆ ಜೋಡಿಸಿದ್ದರೆ ಆ ಅಂಕೆ ಕೆಲಸಕ್ಕೆ ಬಾರದು. ನಾನೇ ಹಾಗೆ ಜೋಡಿಸಿದ್ದೆ. ಊಟದ ಹೊತ್ತಿಗೆ ಡ್ರೈವರ್ ಕೀ ತಿರುಗಿಸಿ ಹಾಡು ಹಾಕಿ ಮಲಗುತ್ತಿದ್ದ. ಎಂಜಿನ್ ತಣ್ಣಗಿತ್ತು, ಮೀಟರ್ ಮಾತ್ರ ಗಂಟೆ ಎಣಿಸುತ್ತಲೇ ಇತ್ತು. ಆಮೇಲೆ ಬುದ್ಧಿ ಬಂದು ಆಯಿಲ್ ಪ್ರೆಶರ್ ಸ್ವಿಚ್ಚಿಗೆ ಕೊಡಿಸಿದೆ. ಅಲ್ಲೂ ಒಂದು ತಪ್ಪು. ಡ್ಯಾಶ್‌ಬೋರ್ಡಿನ ಕೆಂಪು ದೀಪದ ಸ್ವಿಚ್ ಸಾಮಾನ್ಯವಾಗಿ ಪ್ರೆಶರ್ ಇಲ್ಲದಾಗ ಕೂಡಿಕೊಳ್ಳುವಂಥದ್ದು. ಅದಕ್ಕೇ ಮೀಟರ್ ಕೊಟ್ಟರೆ ಎಂಜಿನ್ ನಿಂತಾಗ ಓಡುತ್ತದೆ, ಓಡುವಾಗ ನಿಲ್ಲುತ್ತದೆ! ಪ್ರೆಶರ್ ಏರಿದಾಗ ಕೂಡುವ ಬೇರೆ ಸ್ವಿಚ್ಚೇ ಬೇಕು, ಇಲ್ಲವೇ ಆಲ್ಟರ್ನೇಟರ್ ಚಾರ್ಜ್ ಮಾಡುವಾಗ ಮಾತ್ರ ಕರೆಂಟ್ ಬರುವ ಟರ್ಮಿನಲ್. ಮೀಟರನ್ನೂ ಸೀಲ್ ಮಾಡಿದ್ದೇ ತನ್ನಿ. ಅಗ್ಗದ್ದಕ್ಕೆ ನಮ್ಮ ಆಷಾಢದಲ್ಲಿ ಗಾಜಿನೊಳಗೆ ಮಂಜು ಕವಿದು ಅಂಕೆಯೇ ಕಾಣುವುದಿಲ್ಲ.

ಟ್ರ್ಯಾಕ್ಟರಿನ ಗಂಟೆಗೆ ಲಾರಿಯ ಗಂಟೆಯನ್ನು ಹೋಲಿಸುವವರಿಗೆ ಒಂದು ಮಾತು. ಹಳೆ ಟ್ರ್ಯಾಕ್ಟರಿನ ಕೇಬಲ್ ಮೀಟರ್ ಎಂಜಿನ್ ತಿರುಗುವ ವೇಗಕ್ಕೆ ಕಟ್ಟಿದ್ದು. ನಿಧಾನ ತಿರುಗಿದರೆ ಅದರ ಗಂಟೆಯೂ ನಿಧಾನ. ಎರಡೂ ಒಂದೇ ತಕ್ಕಡಿಯವಲ್ಲ.

ಮೀಟರೂ ಇಲ್ಲ, ಇಸಿಯುವೂ ಇಲ್ಲ ಎಂದಾದರೆ ಕಾಗದ ಹುಡುಕಿ. ಜಿಪಿಎಸ್ ಹಾಕಿದ ವಾಹನವಾದರೆ ರಿಪೋರ್ಟಿನಲ್ಲಿ ಕೀ ಆನ್ ಇದ್ದ ಹೊತ್ತು, ಚಲಿಸಿದ ಹೊತ್ತು ಬೇರೆ ಬೇರೆ ಸಿಗುತ್ತದೆ. ಮೊದಲಿನದರಲ್ಲಿ ಹಾಡಿನ ಹೊತ್ತೂ ಸೇರಿರುತ್ತದೆ, ನೆನಪಿರಲಿ. ಫಾಸ್ಟ್ಯಾಗ್ ಸ್ಟೇಟ್‌ಮೆಂಟ್ ನೋಡಿ. ‘ಬರೀ ಹೈವೇ ಓಟ’ ಎನ್ನುವವನ ವಾಹನ ತಿಂಗಳುಗಟ್ಟಲೆ ಹೆದ್ದಾರಿಯ ತಲಪಾಡಿ ಟೋಲ್ ದಾಟಿಯೇ ಇಲ್ಲದಿದ್ದರೆ ಮಾತು ಅಲ್ಲಿಗೇ ಮುಗಿಯಿತು. ನನಗೆ ಎಲ್ಲಕ್ಕಿಂತ ಹೆಚ್ಚು ನಂಬಿಕೆ ಪಂಪಿನ ಸಾಲದ ಪುಸ್ತಕದ ಮೇಲೆ.

ಡೀಸೆಲ್ ಪುಸ್ತಕದಿಂದ ಐಡಲ್ ಬಿಡಿಸುವುದು

ಎಲ್ಲ ಗಂಟೆಯೂ ಒಂದೇ ತೂಕದ್ದಲ್ಲ. ಲೋಡ್ ಹೊತ್ತು ಚೆರ್ಕಳದ ಏರು ಹತ್ತುವ ಗಂಟೆಗೂ ಮರದಡಿ ಗುರುಗುಟ್ಟುತ್ತ ನಿಂತ ಗಂಟೆಗೂ ಅಂತರ ಉಂಟು. ಹಾಗಾಗಿ 9,200 ಗಂಟೆ ಎಂದು ಕೇಳಿ ಹೌಹಾರಿ ಓಡಿಬರುವುದೂ ತಪ್ಪೇ. ಎರಡನ್ನೂ ಬೇರೆ ಮಾಡಬೇಕು.

ನನ್ನ ಟಿಪ್ಪರ್ ಆವರೆಗೆ ಕುಡಿದದ್ದು ಸುಮಾರು 44,000 ಲೀಟರ್. ಆ ಗಾತ್ರದ ಎಂಜಿನ್ ದುಡಿಯುವಾಗ ಗಂಟೆಗೆ 10 ಲೀಟರ್, ಸುಮ್ಮನೆ ನಿಂತಾಗ 2 ಲೀಟರ್ ಎಂದು ಹಿಡಿಯಿರಿ. ಎಲ್ಲ 9,200 ಗಂಟೆಯೂ ನಿಂತೇ ಇದ್ದಿದ್ದರೆ 18,400 ಲೀಟರ್ ಬೇಕಿತ್ತು. ಮಿಕ್ಕಿದ್ದು 25,600. ದುಡಿಮೆಯ ಗಂಟೆ ಒಂದೊಂದಕ್ಕೂ 8 ಲೀಟರ್ ಹೆಚ್ಚು, ಆದ್ದರಿಂದ 25,600 ಭಾಗಿಸು 8: ದುಡಿಮೆ 3,200 ಗಂಟೆ. ಬಾಕಿ 6,000 ಗಂಟೆ ಐಡಲ್. 3,200 ಗಂಟೆಗೆ 1,10,000 ಕಿ.ಮೀ. ಅಂದರೆ ಗಂಟೆಗೆ 34, ನಮ್ಮ ರಸ್ತೆಯ ಟಿಪ್ಪರಿಗೆ ಒಪ್ಪುವ ವೇಗವೇ. ಈ ಕೊನೆಯ ತಾಳೆ ಕೂಡದಿದ್ದರೆ ಯಾವುದೋ ಅಂಕೆ ತಪ್ಪಿದೆ ಎಂದೇ ಅರ್ಥ. ತಿರುಗಿ ಮೊದಲಿಂದ ಹಾಕಿ.

ನಿಂತ ಗಂಟೆ ಪುಕ್ಕಟೆಯದೇನೂ ಅಲ್ಲ. 700 ಆರ್‌ಪಿಎಂನಲ್ಲಿ ಸಿಲಿಂಡರ್ ಸಾಕಷ್ಟು ಬಿಸಿಯಾಗುವುದಿಲ್ಲ. ಪೂರ್ತಿ ಉರಿಯದ ಡೀಸೆಲ್ ಲೈನರ್ ಗೋಡೆಯ ಆಯಿಲ್ ಪದರ ತೊಳೆದುಕೊಂಡು ಕೆಳಗಿನ ಆಯಿಲ್ ತೊಟ್ಟಿಗೆ (ಸಂಪ್) ಇಳಿಯುತ್ತದೆ, ಆಯಿಲ್ ತೆಳ್ಳಗಾಗುತ್ತದೆ. ಇಂಜೆಕ್ಟರ್ ತುದಿಗೂ, ಹೊಗೆಯನ್ನು ಸ್ವಲ್ಪ ಎಂಜಿನ್ನಿಗೇ ಮರಳಿಸುವ ಇಜಿಆರ್ ವಾಲ್ವಿಗೂ ಮಸಿ ಕಟ್ಟುತ್ತದೆ. ಬಿಎಸ್6 ವಾಹನದ ಡಿಪಿಎಫ್, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್, ಮಸಿ ಸುಡುವಷ್ಟು ಬಿಸಿ ಸಿಗದೆ ಕಟ್ಟಿಕೊಳ್ಳುತ್ತದೆ. ಅಮೆರಿಕದ ಫೋರ್ಡ್ ಕಂಪನಿ ತನ್ನ ಕೆಲವು ವಾಹನಗಳಿಗೆ ಒಂದು ಗಂಟೆ ಐಡಲ್ ಎಂದರೆ 25 ಮೈಲಿ, ಅಂದರೆ ಸುಮಾರು 40 ಕಿ.ಮೀ. ಓಟಕ್ಕೆ ಸಮ ಎನ್ನುತ್ತದೆ. ಲಾರಿಗೆ ಇದು ಅಂದಾಜೇ ಆದರೂ ನಾನು ಇದನ್ನೇ ಹಿಡಿಯುತ್ತೇನೆ. 6,000 ಗಂಟೆಗೆ 2,40,000, ಮೀಟರಿನದು 1,10,000. ಒಟ್ಟು ಮೂರೂವರೆ ಲಕ್ಷ ಓಡಿದ ಎಂಜಿನ್ನಿಗೆ ನಾನು ಒಂದು ಲಕ್ಷ ಕಿ.ಮೀ. ಓಡಿದ ಎಂಜಿನ್ನಿನ ಬೆಲೆ ಕೊಟ್ಟಿದ್ದೆ.

ಆಯಿಲ್ ಬದಲಿಸುವುದೂ ಇದೇ ಲೆಕ್ಕದಲ್ಲಿ ಇರಲಿ. ಮ್ಯಾನ್ಯುವಲ್ಲಿನಲ್ಲಿ ಗಂಟೆಯ ಅಂಕೆಯೂ ಇದ್ದರೆ ಕೋರೆಯ ವಾಹನಕ್ಕೆ ಅದೇ ಕಾನೂನು. 2025ರ ಅಕ್ಟೋಬರ್ 1ರ ನಂತರ ತಯಾರಾದ ಲಾರಿಗಳಿಗೆ ಎಸಿ ಕ್ಯಾಬಿನ್ ಕಡ್ಡಾಯ. ಡ್ರೈವರಿಗೆ ಒಳ್ಳೆಯದೇ, ಆದರೆ ಮುಂದೆ ಅವು ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆಗೆ ಬರುವಾಗ ಎಸಿಗೆಂದು ಎಂಜಿನ್ ಓಡಿಸಿಟ್ಟ ಐಡಲ್ ಗಂಟೆ ಇನ್ನೂ ಹೆಚ್ಚಿರಬಹುದು.

ಎಂಜಿನ್ನನ್ನೇ ಕೇಳಿ

ಬೆಳಗ್ಗೆ ಆರಕ್ಕೆ ಹೋಗಿ. ಬಾನೆಟ್ಟಿನ ಒಳಗೆ ಕೈಯಿಟ್ಟಾಗ ಆಗಲೇ ಬಿಸಿಯಿದ್ದರೆ ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದಾರೆ ಎಂದರ್ಥ, ಚಾ ಕುಡಿದು ಮನೆಗೆ ಹೊರಡಿ. ತಣ್ಣಗಿದ್ದರೆ ಸ್ಟಾರ್ಟ್ ಮಾಡಿಸಿ, ಬಿಸಿಯಾದ ಮೇಲೆ ಆಯಿಲ್ ಹಾಕುವ ಮುಚ್ಚಳ ತೆಗೆದು ಅದೇ ತೂತಿನ ಮೇಲೆ ಮಗುಚಿ ಇಡಿ. ಸ್ವಲ್ಪ ಅದುರಿದರೆ ಸರಿ. ಎಗರಿ ಬಿದ್ದರೆ ರಿಂಗ್ ಹೋಗಿರಬಹುದು. ಡಿಪ್‌ಸ್ಟಿಕ್ ಮೂಸಿ, ಡೀಸೆಲ್ ವಾಸನೆ ಬರಬಾರದು. ನೀಲಿ ಹೊಗೆ ಬೇಡ. ಮಾರುವ ಹಿಂದಿನ ದಿನ ದಪ್ಪ ಅಡಿಟಿವ್ ಡಬ್ಬಿ ಸುರಿದು ಹೊಗೆ ಅಡಗಿಸುವವರಿದ್ದಾರೆ. ಆಯಿಲ್ ಜೇನಿನಂತೆ ಎಳೆ ಬಂದರೆ ಅನುಮಾನಪಡಿ.

ಕೊನೆಗೊಂದು, ನಮ್ಮ ಮಣ್ಣಿಗೇ ಹೇಳಿದ್ದು. ಏರ್ ಫಿಲ್ಟರ್ ದಾಟಿ ಟರ್ಬೋ ಕಡೆ ಹೋಗುವ ರಬ್ಬರ್ ಪೈಪಿನ ಕ್ಲಿಪ್ ಸಡಿಲಿಸಿ ಒಳಗೆ ಬೆರಳಾಡಿಸಿ. ಫಿಲ್ಟರನ್ನು ಟಯರಿಗೆ ಬಡಿದು ಧೂಳು ಕೊಡವುವ ಡ್ರೈವರನ ಕೈಯಲ್ಲಿದ್ದ ವಾಹನವಾದರೆ ಕಾಗದ ಹರಿದು ಕೋರೆಯ ಹುಡಿ ಒಳಕ್ಕೆ ಹೋಗಿರುತ್ತದೆ, ಮತ್ತೆ ಗಂಟೆಯ ಲೆಕ್ಕಕ್ಕೂ ಅರ್ಥವಿಲ್ಲ. ಕಳೆದ ತಿಂಗಳು ಪೈವಳಿಕೆಯಲ್ಲಿ ನೋಡಿದ್ದಕ್ಕೆ ಬರೀ 2,100 ಗಂಟೆ, ಸ್ಕ್ಯಾನರಿನಲ್ಲೂ ಅಷ್ಟೇ. ಬೆರಳು ಹೊರತೆಗೆದಾಗ ಕುಂಕುಮ ಹತ್ತಿದ ಹಾಗಿತ್ತು. ಒಡೆಯರ ಮನೆಯ ನಲ್ಲಿಯಲ್ಲೇ ಕೈ ತೊಳೆದುಕೊಂಡು ಬಂದೆ.